ಖಾಲಿ ಮನೆಯ ಕಾವು

ಬೀಗ ಹಾಕಿದ ಮನೆ ತಾನಾಗಿ ಬೆಚ್ಚಗಾಗುವುದಿಲ್ಲ. ಕೆಂಗುಡ್ಡದ ಶಾಖ ವಿತರಣಾ ಕೇಂದ್ರದಲ್ಲಿ ಕುಳಿತು ಊರಿನ ಮನೆಮನೆಯ ಉಷ್ಣತೆ ನೋಡುವುದೇ ಕೆಲಸವಾಗಿದ್ದ ದಾಕ್ಷಾಯಿಣಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆದ್ದರಿಂದಲೇ ಆ ಮಧ್ಯಾಹ್ನ ಪರದೆಯ ಮೇಲೆ ತನ್ನದೇ ಮನೆಯ ಚೌಕ ಕಣ್ಣಿಗೆ ಬಿದ್ದಾಗ ಕೈಯಲ್ಲಿದ್ದ ರೊಟ್ಟಿಯ ತುತ್ತು ಬಾಯಿಗೆ ಹೋಗಲಿಲ್ಲ.

ಪರದೆಯಲ್ಲಿ ಊರಿನ ಪ್ರತಿ ಮನೆಗೂ ಒಂದೊಂದು ಪುಟ್ಟ ಚೌಕ. ಮನೆಯೊಳಗೆ ಎಷ್ಟು ಬಿಸಿ ಇದೆ, ವಾಲ್ವ್ ಎಷ್ಟು ತೆರೆದಿದೆ, ಒಳಗೆ ಸುತ್ತಿ ಹೊರಬರುವ ನೀರಿನಲ್ಲಿ ಇನ್ನೆಷ್ಟು ಕಾವು ಉಳಿದಿದೆ, ಇಷ್ಟು ಅದರಲ್ಲಿ ಕಾಣುತ್ತದೆ. ಅವಳ ಮನೆಯ ವಾಲ್ವ್ ಬಹುತೇಕ ಮುಚ್ಚಿತ್ತು. ಅದು ಸರಿಯೇ. ಗಂಡ ಎರ್ರಿಸ್ವಾಮಿ ಬಜಾರಿನ ತನ್ನ ಟೇಲರ್ ಅಂಗಡಿಗೆ, ಅವಳು ಕೇಂದ್ರಕ್ಕೆ ಹೊರಟ ಮೇಲೆ ಮನೆಯಲ್ಲಿ ಯಾರೂ ಇರುವುದಿಲ್ಲ, ಇಬ್ಬರದೇ ಸಂಸಾರ. ಯಾರೂ ಇಲ್ಲದ ಮನೆಗೆ ಪೈಪು ಹೆಪ್ಪುಗಟ್ಟಿ ಒಡೆಯದಷ್ಟು ಬಿಸಿನೀರು ಸಾಕು. ಆದರೆ ಉಷ್ಣತೆಯ ಅಂಕಿ ಮಾತ್ರ ಬೆಳಗಿಗಿಂತ ಮೇಲಿತ್ತು. ಅವಳು ನೋಡುತ್ತಿದ್ದಂತೆಯೇ ಇನ್ನೊಂದಿಷ್ಟು ಏರಿತು.

"ಯಾಕಕ್ಕ, ಉಣ್ಣಾಕ ಮನಸಿಲ್ಲೇನು?" ಪಕ್ಕದ ಮೇಜಿನ ನೂರ್‌ಜಾನ್ ಕೇಳಿದಳು. ಅವಳೂ ಇಂಜಿನಿಯರ್, ಇಬ್ಬರೂ ಒಂದೇ ಪಾಳಿ.

"ಖಾರ ಜಾಸ್ತಿ ಆಗೈತಿ," ಎಂದು ದಾಕ್ಷಾಯಿಣಿ ಪರದೆಯನ್ನು ಬೇರೆ ಬೀದಿಗೆ ಸರಿಸಿದಳು.

ಕೆಂಗುಡ್ಡದಲ್ಲಿ ಮನೆ ಕಾಯಿಸುವ ಇಲಾಖೆ ಬರುತ್ತದೆ ಎಂದು ಕೆಲವು ವರ್ಷಗಳ ಹಿಂದೆ ಯಾರಾದರೂ ಹೇಳಿದ್ದರೆ ಊರಿಗೆ ಊರೇ ನಗುತ್ತಿತ್ತು. ಅಲ್ಲಿದ್ದದ್ದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ಆಮೇಲೆ ದಕ್ಷಿಣದ ಸಮುದ್ರದಾಚೆ ಸಾಲು ಜ್ವಾಲಾಮುಖಿಗಳು ಬಾಯಿ ತೆರೆದವು. ಅವು ಉಗುಳಿದ ಬೂದಿ ಮಳೆಗೂ ಸಿಗದಷ್ಟು ಎತ್ತರಕ್ಕೆ ಹೋಗಿ ನಿಂತಿತು. ಸೂರ್ಯ ಮಸಿ ಹಿಡಿದ ಗಾಜಿನ ಹಿಂದಿನ ಬುಡ್ಡಿದೀಪದಂತಾದ. ಬಿಸಿಲು ಒಳಗೆ ಬಾರದಿರಲಿ, ಸೆಕೆ ಹೊರಗೆ ಹೋಗಲಿ ಎಂದು ಕಟ್ಟಿದ ಮನೆಗಳ ಗವಾಕ್ಷಿಗಳಿಗೆ ಜನ ಗೋಣಿಚೀಲ ತುರುಕಿದರು. ಕೊಬ್ಬರಿ ಎಣ್ಣೆ ವರ್ಷವಿಡೀ ಗಟ್ಟಿಯಾಗಿಯೇ ಉಳಿಯಿತು. ಮೊದಲ ಚಳಿಗಾಲದಲ್ಲಿ ಸತ್ತವರಲ್ಲಿ ಹೆಚ್ಚಿನವರು ಮುದುಕರು ಮತ್ತು ಹಸುಗೂಸುಗಳು.

ಊರಿನ ಪಕ್ಕದಲ್ಲೇ ಉಕ್ಕಿನ ಕಾರ್ಖಾನೆಯಿತ್ತು. ಅದರ ಕುಲುಮೆಗಳು ಸುಮ್ಮನೆ ಗಾಳಿಗೆ ಬಿಡುತ್ತಿದ್ದ ಶಾಖದಿಂದ ನೀರು ಕಾಯಿಸಿ, ಹೂತ ಪೈಪುಗಳಲ್ಲಿ ಊರಿಗೆಲ್ಲ ಹರಿಸಿದರು. ಮನೆಮನೆಗೆ ಗೋಡೆಯ ಮೇಲೊಂದು ರೇಡಿಯೇಟರ್, ಅದಕ್ಕೊಂದು ವಾಲ್ವ್ ಬಂತು. ಮೊದಲು ಬಂದ ವಾಲ್ವ್‌ಗಳಿಗೆ ಪೂರ್ತಿ ತೆರೆಯುವುದು, ಪೂರ್ತಿ ಮುಚ್ಚುವುದು, ಇವೆರಡೇ ಗೊತ್ತಿತ್ತು. ಒಂದು ಗಳಿಗೆ ಮನೆ ರೊಟ್ಟಿಯ ಹಂಚಿನಂತೆ, ಇನ್ನೊಂದು ಗಳಿಗೆ ಬಾವಿಯ ತಳದಂತೆ. ಊರಿನ ವಾಲ್ವ್‌ಗಳೆಲ್ಲ ಒಟ್ಟಿಗೆ ತೆರೆದರೆ ಕಡೆಯ ಬೀದಿಗಳಿಗೆ ನೀರೇ ಮುಟ್ಟುತ್ತಿರಲಿಲ್ಲ. ಒಟ್ಟಿಗೆ ಮುಚ್ಚಿದರೆ ಪೈಪುಗಳು ಸುತ್ತಿಗೆಯಲ್ಲಿ ಬಡಿದಂತೆ ಸದ್ದು ಮಾಡುತ್ತಿದ್ದವು.

ಆಗ ಬಂದವು ಈಗಿನ ವಾಲ್ವ್‌ಗಳು. ಹಾಲು ಉಕ್ಕಿ ಬರುವಾಗ ಉರಿ ಸಣ್ಣ ಮಾಡುವ ಕೈ ಇದೆಯಲ್ಲ, ಇವುಗಳ ಕೆಲಸವೂ ಹಾಗೆಯೇ. ಬೇಕಾದ ಬಿಸಿಗೂ ಇರುವ ಬಿಸಿಗೂ ಎಷ್ಟು ಅಂತರವಿದೆ ಎಂದು ನೋಡುತ್ತ, ಅಂತರ ಹೆಚ್ಚಿದ್ದರೆ ಹೆಚ್ಚು ತೆರೆಯುತ್ತವೆ, ಕಡಿಮೆಯಾದಂತೆ ಒಂದೊಂದೇ ಎಳೆ ಮುಚ್ಚುತ್ತ ಬರುತ್ತವೆ. ತೆರೆದದ್ದಕ್ಕೂ ಮುಚ್ಚಿದ್ದಕ್ಕೂ ನಡುವೆ ಎಲ್ಲಿ ಬೇಕಾದರೂ ನಿಲ್ಲುತ್ತವೆ. ಮಾಡ್ಯುಲೇಟಿಂಗ್ ವಾಲ್ವ್ ಎಂಬ ಹೆಸರು ನಾಲಿಗೆಗೆ ಹೊರಳದೆ ಜನ ಅದನ್ನು 'ಹದದ ವಾಲು' ಎಂದು ಕರೆದರು. ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಎಂಬುದನ್ನೂ ಅದು ಊಹಿಸುತ್ತಿತ್ತು. ಉಸಿರಾಡುವ ಜನ ಇದ್ದರೆ ಗಾಳಿಯಲ್ಲಿ ತೇವ ಏರುತ್ತದೆ, ಓಡಾಡಿದರೆ ಬಾಗಿಲು ತೆರೆದು ಉಷ್ಣತೆ ಅಲ್ಲಾಡುತ್ತದೆ. ಎರಡೂ ಇಲ್ಲದಿದ್ದರೆ ಮನೆ ಖಾಲಿ. ಖಾಲಿ ಮನೆಗೆ ಹೋಗುವ ಶಾಖ ವ್ಯರ್ಥ. ಈ ನಿಯಮ ಸೇರಿಸಿದವರಲ್ಲಿ ದಾಕ್ಷಾಯಿಣಿಯೂ ಒಬ್ಬಳು.

ಸಂಜೆ ಅವಳು ಮನೆಗೆ ಬಂದಾಗ ಎರ್ರಿಸ್ವಾಮಿ ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಎಂದಿನ ಹಾಗೆಯೇ ಇದ್ದ. ಅವಳು ಚಾಪೆಯ ಅಂಚು, ಮಂಚದ ಹೊದಿಕೆ, ಬಚ್ಚಲು ಎಲ್ಲವನ್ನೂ ಕಣ್ಣಿನಲ್ಲೇ ಗುಡಿಸಿದಳು. ಹೆಪ್ಪು ಹಾಕಿ ರೇಡಿಯೇಟರ್ ಮೇಲೆ ಇಟ್ಟುಹೋಗಿದ್ದ ಮೊಸರಿನ ಗಡಿಗೆ ಮೂಲೆಗೆ ಸರಿದಿತ್ತು. ಬಾಗಿಲ ಸಂದಿಯಲ್ಲಿ ಒಂದು ವೀಳ್ಯದೆಲೆಯ ತೊಟ್ಟು ಬಿದ್ದಿತ್ತು. ಅವರಿಬ್ಬರಲ್ಲಿ ಎಲೆ ಅಡಿಕೆ ಹಾಕುವವರು ಯಾರೂ ಇಲ್ಲ.

"ಮಧ್ಯಾಹ್ನ ಮನಿಗೆ ಬಂದಿದ್ರೇನು?" ಎಂದಳು, ಕಾಲುಚೀಲ ಕಳಚುತ್ತ.

"ನಾನೆಲ್ಲಿ ಬರ್ಲಿ? ಕೌದಿ ಹೊಲಿಯೋದು ರಾಶಿ ಬಿದ್ದೈತಿ. ಅಂಗಡ್ಯಾಗ ಉಂಡೆ."

ಅವನು ತಲೆ ಎತ್ತಿರಲಿಲ್ಲ. ಈಳಿಗೆಯ ಮೇಲಿನ ಕೈ ಮಾತ್ರ ಒಂದು ಕ್ಷಣ ನಿಂತಿತ್ತು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವನ ಸುಳ್ಳು ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹೇಳಿದ್ದನ್ನೆಲ್ಲ ನಿಜವೆಂದೇ ತಿಳಿದಿದ್ದಳು. ಈಗ ಹಿಂದಿನ ಮಾತುಗಳೂ ಒಂದೊಂದಾಗಿ ಎದ್ದು ನಿಂತು ತಮ್ಮನ್ನೂ ನೋಡು ಎಂದವು.

ಊಟಕ್ಕೆ ಕುಳಿತಾಗ ಅವನೇ ಕೇಳಿದ, "ದಾಕ್ಷಾಯಿಣಿ, ಈ ವಾಲು ತನಗ ತಾನ ತೆರಿತಾವೋ, ಇಲ್ಲಾ ಅಲ್ಲಿಂದ ಯಾರರ ಮುಚ್ತೀರೋ?"

"ಯಾಕ?"

"ಸುಮ್ನ ಕೇಳ್ದೆ."

"ತಾವ ನೋಡ್ಕೋತಾವ. ಬೇಕಾದ್ರ ನಾವೂ ಮುಚ್ಚಬಹುದು."

"ಅಂದ್ರ ಮುಚ್ಚಬಹುದು," ಎಂದ ಅವನು. ತನ್ನ ಮನೆಯನ್ನು ತಾನು ಪರದೆಯಲ್ಲಿ ನೋಡಿದ್ದು ಇವನಿಗೆ ಹೇಗೋ ಗೊತ್ತಾಗಿದೆಯೇ ಎಂದು ಅವಳಿಗೆ ಅನುಮಾನವಾಯಿತು.

ಮಾರನೆಯ ದಿನದಿಂದ ಅವಳು ಆ ಚೌಕವನ್ನು ಬಿಡದೆ ಕಾದಳು. ಊರು ಊಟಕ್ಕೆ ಏಳುವ ಹೊತ್ತಿಗೆ ಸರಿಯಾಗಿ ಉಷ್ಣತೆ ಏರುತ್ತಿತ್ತು, ತೇವವೂ ಏರುತ್ತಿತ್ತು. ಯಾರೋ ಉಸಿರಾಡುತ್ತಿದ್ದಾರೆ. ಒಂದು ಹೆಣ್ಣಿನ ಮುಖವನ್ನು ಅವಳ ಮನಸ್ಸು ಆಗಲೇ ಚಿತ್ರಿಸಿಬಿಟ್ಟಿತ್ತು. ಎಲೆ ಹಾಕುವವಳು, ಅಂಗಡಿಗೆ ರವಿಕೆ ಹೊಲಿಸಲು ಬರುವವಳು. ತನ್ನ ಮಂಚದ ಮೇಲೆ ಕೂತು ತನ್ನ ಮೊಸರಿನ ಗಡಿಗೆಯನ್ನು ಮೂಲೆಗೆ ತಳ್ಳುವವಳು.

ಆದರೆ ಅವಳು ಇಂಜಿನಿಯರ್ ಕೂಡ. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಹೊರಡುವ ಶಾಖ ಹಳೆಯ ಕಾಲದ ಒಂದು ನೂರು ವ್ಯಾಟ್ ಬಲ್ಬಿನಷ್ಟು. ತನ್ನ ಮನೆಯ ಗೋಡೆ ಎಷ್ಟು ದಪ್ಪ, ಎಷ್ಟು ಕಾವು ಸೋರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಹತ್ತು ನಿಮಿಷ ಲೆಕ್ಕ ಹಾಕಿ ಪೆನ್ನು ಕೆಳಗಿಟ್ಟಳು. ಇಬ್ಬರಿಂದ ಅಷ್ಟು ಬಿಸಿ ಬರಲು ಸಾಧ್ಯವಿಲ್ಲ. ಮೂವರಿಂದಲೂ ಇಲ್ಲ. ಆ ಪುಟ್ಟ ಮನೆಯಲ್ಲಿ ಹತ್ತು ಹನ್ನೆರಡು ಜನ, ಇಲ್ಲವೇ ಇನ್ನೂ ಹೆಚ್ಚು ಜನ ಕುಳಿತಿದ್ದರು. ಅವರ ಮೈಬಿಸಿಯೇ ಸಾಕಾಗಿ ವಾಲ್ವ್ ತೆರೆಯುವ ಅಗತ್ಯವೇ ಬಿದ್ದಿರಲಿಲ್ಲ.

ಎದೆಯೊಳಗಿದ್ದ ಒಂದು ಮುಳ್ಳು ಸಡಿಲವಾಯಿತು. ಅದರ ಜಾಗದಲ್ಲಿ ಇನ್ನೂ ದೊಡ್ಡದೊಂದು ನೆಟ್ಟುಕೊಂಡಿತು.

ಯಾಕೆಂದರೆ ಅದೇ ವಾರ ಕೇಂದ್ರದ ಮುಖ್ಯಸ್ಥ ಷಡಕ್ಷರಪ್ಪನವರು ಎಲ್ಲರನ್ನೂ ಕೂರಿಸಿ ಮಾತಾಡಿದ್ದರು. ಕಾರ್ಖಾನೆಯ ಒಂದು ಕುಲುಮೆ ದುರಸ್ತಿಗೆ ನಿಂತು ಶಾಖ ಕಡಿಮೆಯಾಗಿತ್ತು. ಎಲ್ಲ ಮನೆಗೂ ಒಂದಿಷ್ಟು ಕಡಿತ ಮಾಡಿಯೂ ದಾರಿಯಲ್ಲಿ ಎಲ್ಲೋ ಶಾಖ ಸೋರುತ್ತಿತ್ತು. ಹಳೇ ಗಣಿ ಲೈನಿಗೆ ಹೋಗುವ ದೊಡ್ಡ ಪೈಪಿನ ಮೇಲಿನ ಹೊದಿಕೆ ಅಲ್ಲಲ್ಲಿ ಹರಿದಿತ್ತು.

"ಯಾರೋ ಪೈಪಿಗೆ ಕೈ ಹಚ್ಚ್ಯಾರ," ಎಂದಿದ್ದರು ಷಡಕ್ಷರಪ್ಪ. "ಲೈನಿನ ಜನ ಗುಂಪು ಕಟ್ಟಾಕತ್ಯಾರಂತ ಸುದ್ದಿ ಐತಿ. ಹಗಲೊತ್ತು ಅವರ ಮನಿ ಒಂದೂ ತುಂಬಿರಂಗಿಲ್ಲ. ಎಲ್ಲಿ ಹೋಗ್ತಾರ? ಯಾರ ಮನ್ಯಾಗ ಸೇರ್ತಾರ? ಅದು ಗೊತ್ತಾಗಬೇಕು. ಒಂದು ಛಲೋ ಏನಂದ್ರ, ಖಾಲಿ ಮನಿ ವಾಲು ಮುಚ್ಚಿ ನಮಗ ಬೇಕಾದಷ್ಟು ಶಾಖ ಉಳಿಯಾಕತ್ತೈತಿ."

ಗಣಿ ಲೈನು ಎಂದರೆ ಹಿಂದೆ ಅದಿರು ಗಣಿಯ ಕೂಲಿಗಳಿಗೆ ಕಟ್ಟಿದ, ತಗಡು ಹೊದಿಸಿದ ಸಾಲುಮನೆಗಳು. ಎರ್ರಿಸ್ವಾಮಿ ಹುಟ್ಟಿದ್ದು ಅಲ್ಲಿ. ಅವನ ಅಪ್ಪ ಗಣಿಯಲ್ಲಿ ದುಡಿದವನು. 'ಯಾರ ಮನ್ಯಾಗ ಸೇರ್ತಾರ' ಎಂಬ ಮಾತು ಕೇಳಿದಾಗ ದಾಕ್ಷಾಯಿಣಿ ತಲೆ ತಗ್ಗಿಸಿ ಕುಳಿತಿದ್ದಳು. ಯಾರೂ ಅವಳ ಮನೆಯ ಚೌಕ ತೆರೆದು ನೋಡದಿದ್ದರೆ ಸಾಕಿತ್ತು.

ಆಮೇಲೆ ಷಡಕ್ಷರಪ್ಪನವರು ಅವಳ ಮೇಜಿನ ಬಳಿ ಬಂದು, "ನಿಮ್ಮ ಮನೆಯವರ ಊರು ಯಾವುದ್ರಿ ಮೇಡಮ್?" ಎಂದು ಕೇಳಿದರು. ಬರೀ ಕೇಳಿದರೋ, ಕೇಳಬೇಕೆಂದೇ ಕೇಳಿದರೋ ತಿಳಿಯಲಿಲ್ಲ. "ಇಲ್ಲೇ ರೀ, ಕೆಂಗುಡ್ಡ," ಎಂದಳು.

ಮರುದಿನ ಮಧ್ಯಾಹ್ನ ತಲೆನೋವೆಂದು ಹೇಳಿ ಅವಳು ಕೇಂದ್ರದಿಂದ ಹೊರಬಿದ್ದಳು. ಬಜಾರಿನಲ್ಲಿ ಎರ್ರಿಸ್ವಾಮಿಯ ಅಂಗಡಿ ಬಾಗಿಲು ಅರ್ಧ ಎಳೆದಿತ್ತು. ಅದೇ ಬೀದಿಯಲ್ಲಿದ್ದ ಮನೆಯ ಬೀಗ ಹೊರಗಿನಿಂದ ಹಾಕಿದ ಹಾಗೆಯೇ ಇತ್ತು. ಹಿತ್ತಲಿಗೆ ಸುತ್ತಿ ಬಂದು ಹಿಂಬಾಗಿಲು ದೂಡಿದಳು. ಅದು ಸುಮ್ಮನೆ ತೆರೆದುಕೊಂಡಿತು.

ಒಳಗಿನ ಬಿಸಿ ಮುಖಕ್ಕೆ ಬಡಿಯಿತು. ಅದು ರೇಡಿಯೇಟರಿನ ಒಣಬಿಸಿಯಲ್ಲ. ಬೆವರು, ಎಲೆ ಅಡಿಕೆ, ಕೊಬ್ಬರಿ ಎಣ್ಣೆ ಹಚ್ಚಿದ ತಲೆ, ಹಾಲುಗಲ್ಲದ ಕೂಸಿನ ವಾಸನೆ ಎಲ್ಲ ಬೆರೆತ ಬಿಸಿ. ಪಡಸಾಲೆಯ ತುಂಬ ಗಣಿ ಲೈನಿನ ಜನ ಒತ್ತೊತ್ತಾಗಿ ಕುಳಿತಿದ್ದರು. ಮುದುಕಿಯರು, ಇಬ್ಬರು ಕೆಮ್ಮುವ ಮುದುಕರು, ಕೂಸು ಎತ್ತಿಕೊಂಡ ತಾಯಂದಿರು. ಮೂರು ನಾಲ್ಕು ಜನಕ್ಕೆ ಒಂದೊಂದು ಕೌದಿ. ಮಂಚದ ಮೇಲೆ ಯಾರೂ ಕೂತಿರಲಿಲ್ಲ. ಹಾಸಿದ ಹೊದಿಕೆ ಮುದುರಿರಲಿಲ್ಲ. ಎರ್ರಿಸ್ವಾಮಿ ಬಾಗಿಲ ಬಳಿ ಮಣೆಯ ಮೇಲೆ ಕೂತು ಒಂದು ಮಗುವಿನ ಟೋಪಿಗೆ ದಾರ ಹಾಕುತ್ತಿದ್ದ.

ಅವಳನ್ನು ನೋಡಿದ್ದೇ ತಡ ಮಾತುಗಳೆಲ್ಲ ನಿಂತವು. ಒಬ್ಬೊಬ್ಬರಾಗಿ ಎದ್ದು, ಕೌದಿ ಮಡಚಿ, ಕೂಸುಗಳ ಕಿವಿಗೆ ಬಟ್ಟೆ ಸುತ್ತತೊಡಗಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗಲ್ಲ, ಪೊಲೀಸರು ಬಂದಾಗ ಬಡವರು ಏಳುತ್ತಾರಲ್ಲ, ಹಾಗೆ ಎದ್ದರು.

"ಹೋಗಬ್ಯಾಡ್ರಿ, ಕೂಡ್ರಿ," ಎಂದ ಎರ್ರಿಸ್ವಾಮಿ.

"ಬ್ಯಾಡಪ್ಪ," ಎಂದಳು ಹುಲಿಗೆಮ್ಮ ಎಂಬ ಹೆಂಗಸು, ದಾಕ್ಷಾಯಿಣಿಯ ಕಡೆ ನೋಡದೆ. "ಇದ್ದ ಒಂಚೂರು ಕಾವೂ ಬಂದ್ ಮಾಡಿಗೀಡ್ಯಾರು."

ಹಿಂಬಾಗಿಲಿನಿಂದ ಎಲ್ಲರೂ ಹೊರಟುಹೋದ ಮೇಲೆ ಮನೆ ದೊಡ್ಡದಾಗಿ ಕಂಡಿತು.

"ಎಷ್ಟು ದಿನದಿಂದ ನಡದೈತಿ?" ಎಂದಳು ದಾಕ್ಷಾಯಿಣಿ.

"ಕುಲುಮಿ ನಿಂತಾಗಿಂದ. ಮೊದಲು ಅಂಗಡಿಗೆ ಬಂದು ಇಸ್ತ್ರಿ ಪೆಟ್ಟಿಗಿ ಸುತ್ತ ಕೂಡ್ತಿದ್ರು. ಅಲ್ಲಿ ಜಾಗ ಸಾಲಲಿಲ್ಲ."

"ನನಗ ಯಾಕ ಹೇಳ್ಲಿಲ್ಲ?"

ಅವನು ದಾರ ಕಡಿದು ಟೋಪಿಯನ್ನು ಮಣೆಯ ಪಕ್ಕಕ್ಕಿಟ್ಟ. "ಲೈನಿನ ವಾಲು ಮುಚ್ಚೋರು ನೀವ ಅಂತಾರ ಅವರು. ನೀನ ಅಂತಾರ. ಟೇಲರಣ್ಣನ ಹೆಂಡ್ತಿ ಅಲ್ಲಿ ಕುಂತು ಒಂದೊಂದ ಮನಿ ಬಂದ್ ಮಾಡ್ತಾಳಂತ."

"ನೀವು ನಂಬಿದ್ರಿ?"

"ಕೇಳ್ಬೇಕಂದೆ. ಅವತ್ತ ಊಟದಾಗ ಕೇಳ್ದೆ. ಬೇಕಾದ್ರ ಮುಚ್ಚಬಹುದು ಅಂದಿ. ಅದರ ಮ್ಯಾಲ ಏನು ಕೇಳ್ಲಿ?"

ಅವನೇ ಮತ್ತೆ ಕೇಳಿದ, "ಈ ಹೊತ್ತಿನಾಗ ನೀ ಹೆಂಗ ಬಂದಿ? ಯಾರು ಹೇಳಿದ್ರು?"

"ವಾಲು. ಮುಚ್ಚಿದ್ದರೂ ಮನಿ ಬಿಸಿ ಆಗ್ತಿತ್ತು."

"ಅಂದ್ರ ಅಲ್ಲಿ ಕುಂತು ನನ್ನ ಕಾಯ್ತಿದ್ದಿ."

"ಯಾರೋ ಹೆಂಗಸು ಬರ್ತಾಳಂತ ತಿಳ್ದಿದ್ದೆ."

ಎರ್ರಿಸ್ವಾಮಿ ಅವಳ ಮುಖವನ್ನೇ ನೋಡಿದ. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನು ಬೈಯಲಿಲ್ಲ. ಮಣೆಯಿಂದ ಎದ್ದು, ಮೂಲೆಗೆ ಸರಿಸಿದ್ದ ಮೊಸರಿನ ಗಡಿಗೆಯನ್ನು ಮತ್ತೆ ರೇಡಿಯೇಟರ್ ಮೇಲೆ ತಂದಿಟ್ಟ. "ಒಬ್ಬಾಕಿಯಲ್ಲ, ಬಾಳ ಮಂದಿ ಬರ್ತಿದ್ರು," ಎಂದ.

ಅವಳ ತಲೆಯಲ್ಲಿ ಆಗ ಬೇರೆಯದೇ ಒಂದು ಲೆಕ್ಕ ಶುರುವಾಗಿತ್ತು. ಷಡಕ್ಷರಪ್ಪನವರ ಮಾತು ನೆನಪಾಯಿತು, ಹಗಲೊತ್ತು ಲೈನಿನ ಮನೆ ಒಂದೂ ತುಂಬಿರುವುದಿಲ್ಲ. ಎಲ್ಲರಿಗೂ ಒಂದಿಷ್ಟು ಕಡಿತವಾದಾಗ ತಗಡಿನ ಮನೆಗಳು ಮೊದಲು ತಣ್ಣಗಾದವು. ಜನ ಚಳಿ ತಾಳದೆ ಹೊರಗೆ ಹೋದರು. ಮನೆ ಖಾಲಿಯೆಂದು ವಾಲ್ವ್ ಮುಚ್ಚಿಕೊಂಡಿತು. ಸಂಜೆ ಬಂದವರಿಗೆ ಗೋಡೆ, ನೆಲ ಎಲ್ಲ ಐಸಿನಂತೆ; ವಾಲ್ವ್ ಪೂರ್ತಿ ತೆರೆದರೂ ಆ ಹೊತ್ತಿಗೆ ಇಡೀ ಊರಿನ ವಾಲ್ವ್‌ಗಳು ತೆರೆದು, ಕಡೆಯ ಸಾಲಿಗೆ ಬರುವ ನೀರು ಉಗುರುಬೆಚ್ಚಗಷ್ಟೇ. ಹಾಗಾಗಿ ಮರುದಿನ ಇನ್ನೂ ಬೇಗ ಹೊರಟರು. ವಾಲ್ವ್ ಇನ್ನೂ ಬೇಗ ಮುಚ್ಚಿತು. ಯಾರೂ ಕೇಡು ಬಗೆದಿರಲಿಲ್ಲ. ತನ್ನ ಗಂಡ ಅವರನ್ನು ಕರೆದು ಕೂರಿಸಿದ್ದರಿಂದಲೇ ಅವರ ಮನೆಗಳು ಇನ್ನಷ್ಟು ತಣ್ಣಗಾಗಿದ್ದವು ಎಂಬುದನ್ನು ಅವನಿಗೆ ಹೇಗೆ ಹೇಳುವುದು?

"ಲೈನಿನಾಗ ಈಗ ಯಾರೂ ಉಳಿದಿಲ್ಲೇನು?" ಎಂದು ಕೇಳಿದಳು.

"ದುಡಿಯೋರು ಕೂಲಿಗೆ ಹೋಗ್ತಾರ, ಉಳಿದೋರೆಲ್ಲಾ ಇಲ್ಲೇ ಬರ್ತಾರ. ಹನುಮಕ್ಕ ಒಬ್ಬಾಕಿ ಬರಂಗಿಲ್ಲ. ಸೊಂಟ ಮುರದೈತಿ, ಏಳಾಕ ಆಗಂಗಿಲ್ಲ. ಕೌದಿ ಹೊದಿಸಿ ಬಂದಿರ್ತಾರ."

"ಒಳಕೋಣ್ಯಾಗ ಮಲಗಿರ್ತಾಳೇನು?"

"ಹೌದು. ಯಾಕ?"

ದಾಕ್ಷಾಯಿಣಿ ಆಗಲೇ ಚಪ್ಪಲಿ ಮೆಟ್ಟಿದ್ದಳು. ಜನರಿದ್ದಾರೋ ಇಲ್ಲವೋ ಎಂದು ಗಾಳಿ ನೋಡುವ ಕಣ್ಣು ಇರುವುದು ಮುಂದಿನ ಕೋಣೆಯಲ್ಲಿ. ಒಳಗೆ ಕೌದಿಯಡಿ ಅಲುಗಾಡದೆ ಮಲಗಿದ ಒಬ್ಬ ಮುದುಕಿಯ ಉಸಿರು ಅದಕ್ಕೆ ಮುಟ್ಟುವುದಿಲ್ಲ. ಪರದೆಯಲ್ಲಿ ಆ ಮನೆ ದಿನವೂ ಖಾಲಿ ಎಂದೇ ಇತ್ತು. ಅವಳೇ ನೋಡಿದ್ದಳು.

ಲೈನಿಗೆ ಹೋಗುವ ದಾರಿಯಲ್ಲಿ ಗಾಳಿ ಕಿವಿ ಕತ್ತರಿಸುತ್ತಿತ್ತು. ಮನೆಗಳಿಗೆ ಮರಳುತ್ತಿದ್ದ ಹೆಂಗಸರನ್ನು ಇಬ್ಬರೂ ದಾಟಿ ಓಡಿದರು. ಹನುಮಕ್ಕನ ಮನೆಯ ಕದಕ್ಕೆ ಅಗುಳಿ ಹಾಕಿರಲಿಲ್ಲ, ಬರೀ ಮುಂದೆ ಮಾಡಿತ್ತು. ಒಳಗೆ ಹೊರಗಿಗಿಂತ ಹೆಚ್ಚು ಬಿಸಿಯೇನೂ ಇರಲಿಲ್ಲ. ಮುದುಕಿ ನಡುಗುತ್ತಿರಲಿಲ್ಲ, ಅದು ಕಂಡೇ ದಾಕ್ಷಾಯಿಣಿಗೆ ಹೆದರಿಕೆಯಾಯಿತು. ತುಟಿ ನೀಲಿಯಾಗಿತ್ತು. ಮೈಮೇಲಿನ ಕೌದಿಯನ್ನು ಕೈಯಿಂದ ತಳ್ಳುತ್ತಿದ್ದಳು.

"ಸೆಕಿ ಆಗತೈತಿ ತಗೀರಿ," ಎಂದಳು ಹನುಮಕ್ಕ. ಮಾತು ಕುಡಿದವರ ಹಾಗೆ ತೊದಲುತ್ತಿತ್ತು. "ಬೇಸಿಗಿ ಬಂತಲ್ಲ..."

"ತಗೀಬ್ಯಾಡ್ರಿ, ಹೊದಿಸ್ರಿ. ಸಾಯೋ ಚಳಿಯಾಗ ಹಿಂಗ ಸೆಕಿ ಅನಸ್ತೈತಿ," ಎಂದು ದಾಕ್ಷಾಯಿಣಿ ಗಂಡನಿಗೆ ಹೇಳಿ ಗೋಡೆಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು. ವಾಲ್ವ್‌ನ ಪುಟ್ಟ ಮೋಟಾರು ಗುಂಯ್ ಎಂದಿತು. ಒಮ್ಮೆಲೇ ತೆರೆಯಬಾರದು, ಎಳೆಎಳೆಯಾಗಿ ತೆರೆಯಬೇಕು ಎಂದು ಅದಕ್ಕೆ ಕಲಿಸಿದವರಲ್ಲಿ ಅವಳೂ ಇದ್ದಳು. ರೇಡಿಯೇಟರ್ ಮೇಲೆ ಅಂಗೈ ಇಟ್ಟಳು. ತಣ್ಣಗೇ ಇತ್ತು. ಇಡೀ ಸಾಲಿನ ವಾಲ್ವ್‌ಗಳು ಮುಚ್ಚಿದ್ದರಿಂದ ಲೈನಿನ ಪೈಪಿನಲ್ಲಿ ನಿಂತ ನೀರೆಲ್ಲ ತಣಿದುಹೋಗಿತ್ತು.

ಕೇಂದ್ರಕ್ಕೆ ಫೋನ್ ಹಚ್ಚಿದಳು. "ನೂರ್‌ಜಾನ್, ಲೈನಿನ ದೊಡ್ಡ ವಾಲ್ವ್ ನಿನ್ನ ಕೈಲಿ ತೆರಿ. ಪೂರ್ತಿ. ಮನಿ ವಾಲ್ವ್‌ಗಳನ್ನೂ ಎಲ್ಲಾ ತೆರಿ, ನೀರು ಓಡ್ಲಿ."

ಅಲ್ಲಿ ಫೋನು ಸ್ಪೀಕರಿನಲ್ಲಿತ್ತು; ಷಡಕ್ಷರಪ್ಪನವರ ದನಿ ಬಂತು. "ಎಲ್ಲಿದ್ದೀರಿ ಮೇಡಮ್? ತಲಿನೋವಂತ ಹೇಳಿ ಲೈನಿಗೆ ಯಾಕ ಹೋದ್ರಿ? ಯಾರು ಹೇಳಿಸಾಕತ್ಯಾರ ಇದನ್ನ?"

"ಇಲ್ಲೊಬ್ಬ ಮುದುಕಿ ಸಾಯಾಕತ್ಯಾಳ ಸರ್."

"ಪರದೆ ಮ್ಯಾಲ ಎಲ್ಲಾ ಮನಿ ಖಾಲಿ ಅದಾವ. ಇದ್ದಕ್ಕಿದ್ದಂಗ ತೆರದ್ರ ದವಾಖಾನಿಗೆ ಹೋಗೋ ಒತ್ತಡ ಬೀಳತೈತಿ. ನಿಮ್ಮ ಮನೆಯವರು ಲೈನಿನವರಂತಲ್ಲ, ಅದನ್ನ ನನಗ ಯಾಕ ಹೇಳ್ಲಿಲ್ಲ?"

"ಆಮ್ಯಾಗ ಬಂದು ಎಲ್ಲಾ ಹೇಳ್ತೀನಿ. ನೂರ್‌ಜಾನ್, ಕೇಳಸ್ತೈತೇನು? ಆಸ್ಪತ್ರೆ ಸಾಲು ಹಂಗ ಬಿಡು. ಬಜಾರ್ ಬೀದಿ ಅರ್ಧಕ್ಕ ಇಳಸು. ನಮ್ಮ ಮನಿಯಿಂದ ಶುರು ಮಾಡು."

ಫೋನಿನಲ್ಲಿ ಕೀಲಿಮಣೆಯ ಟಕಟಕ ಕೇಳಿಸಿತು. ಆಮೇಲೆ ನೂರ್‌ಜಾನ್, "ತೆರದೀನಿ ಅಕ್ಕ," ಎಂದಳು. "ಆದ್ರ ನೀರು ಅಲ್ಲಿಗೆ ಮುಟ್ಟಾಕ ಹೊತ್ತು ಹಿಡಿತೈತಿ."

ಹೊತ್ತು ಹನುಮಕ್ಕನ ಬಳಿ ಇರಲಿಲ್ಲ. ದಾಕ್ಷಾಯಿಣಿ ಬಾಗಿಲಿಗೆ ಬಂದು ನೋಡಿದಳು. ಬೀದಿಯಲ್ಲಿ ಹುಲಿಗೆಮ್ಮ ಮತ್ತು ಉಳಿದವರು ದೂರದಲ್ಲೇ ನಿಂತಿದ್ದರು; ಇವಳು ಒಳಗೆ ಏನು ಮಾಡುತ್ತಿದ್ದಾಳೋ ಎಂದು ನೋಡುತ್ತಿದ್ದರು.

"ಒಳಗ ಬರ್ರಿ," ಎಂದು ಕರೆದಳು. "ಎಲ್ಲಾರೂ ಬರ್ರಿ. ಒಲಿ ಇಲ್ಲ, ಬಿಸಿನೀರು ಇನ್ನಾ ಬಂದಿಲ್ಲ. ನೀವ ಬೇಕು."

ಯಾರೂ ಕದಲಲಿಲ್ಲ. ಎರ್ರಿಸ್ವಾಮಿ ಅವಳ ಹಿಂದಿನಿಂದ ಬಂದು, "ಆಕಿ ಹೇಳಿದ್ದು ಖರೇ. ಹನುಮಕ್ಕ ಉಳಿಬೇಕಂದ್ರ ಬರ್ರಿ," ಎಂದ. ಹುಲಿಗೆಮ್ಮ ಮೊದಲು ಹೆಜ್ಜೆ ಇಟ್ಟಳು. ಆಮೇಲೆ ಒಬ್ಬರ ಹಿಂದೊಬ್ಬರು ಬಂದರು. ಆ ಗೂಡಿನಂಥ ಕೋಣೆಯಲ್ಲಿ ಹಿಡಿಸುವಷ್ಟು ಜನ ಒತ್ತಿ ಕುಳಿತು, ಕದ ಹಾಕಿ, ಸಂದಿಗೆ ಸೀರೆ ತುರುಕಿದರು.

"ಕೈಕಾಲು ತಿಕ್ಕಬ್ಯಾಡ್ರಿ. ಎದಿಗೆ, ಬೆನ್ನಿಗೆ ಮೈ ಹಚ್ಚಿ ಕೂಡ್ರಿ," ಎಂದಳು ದಾಕ್ಷಾಯಿಣಿ.

ಹುಲಿಗೆಮ್ಮ ಮುದುಕಿಯ ಬೆನ್ನಿಗೆ ಒತ್ತಿ ಮಲಗಿದಳು. "ನೀ ಮುಂದ ಬಾ," ಎಂದಳು ದಾಕ್ಷಾಯಿಣಿಗೆ. ಅವಳು ಸ್ವೆಟರ್ ಬಿಚ್ಚಿ ಹನುಮಕ್ಕನ ಎದೆಗೆ ತನ್ನ ಎದೆ ಕೊಟ್ಟು ಮಲಗಿದಳು. ನೆಲಮಾಳಿಗೆಯ ಕಲ್ಲನ್ನು ತಬ್ಬಿದಂತೆ ಇತ್ತು. ತನ್ನ ಮೈಯ ಬಿಸಿ ಅದರೊಳಗೆ ಇಳಿದು ಕಾಣೆಯಾಗುತ್ತಿರುವುದು ಅವಳಿಗೆ ತಿಳಿಯುತ್ತಿತ್ತು. ಪರದೆಯ ಅಂಕಿಯಾಗಿಯೇ ಅವಳು ಇಷ್ಟು ವರ್ಷ ಶಾಖವನ್ನು ಬಲ್ಲವಳಾಗಿದ್ದಳು. ಸುತ್ತಲೂ ಉಸಿರು, ಕೆಮ್ಮು, ಯಾರದೋ ಕೂಸಿನ ಕಾಲು ಅವಳ ತಲೆಗೆ ತಾಗುತ್ತಿತ್ತು. ಕೋಣೆ ನಿಧಾನವಾಗಿ ಬೆಚ್ಚಗಾಯಿತು. ಬಹಳ ಹೊತ್ತಿನ ಮೇಲೆ ಹನುಮಕ್ಕನ ಮೈ ಒಮ್ಮೆ ಅದುರಿತು, ಆಮೇಲೆ ಹಲ್ಲು ಕಟಕಟಿಸುವಷ್ಟು ನಡುಗತೊಡಗಿತು.

"ನಡುಗಾಕತ್ಯಾಳ," ಎಂದು ಹುಲಿಗೆಮ್ಮ ಗಾಬರಿಯಾದಳು.

"ನಡಗ್ಲಿ. ನಡಗಿದ್ರ ಉಳಿತಾಳ," ಎಂದಳು ದಾಕ್ಷಾಯಿಣಿ. ಅವಳ ಹಲ್ಲೂ ಕಟಕಟಿಸುತ್ತಿತ್ತು.

ಗೋಡೆಯ ರೇಡಿಯೇಟರಿನಲ್ಲಿ ನೀರು ಗುಳುಗುಳು ಎಂದದ್ದು ಅದಾದ ಮೇಲೆ. ಸಂಜೆಯ ಹೊತ್ತಿಗೆ ನೂರ್‌ಜಾನ್ ಕಳಿಸಿದ ಆಂಬುಲೆನ್ಸ್ ಬಂತು.

ಹನುಮಕ್ಕ ಉಳಿದಳು. ಎಡಗಾಲಿನ ಎರಡು ಬೆರಳು ಹೋದವು.

ಷಡಕ್ಷರಪ್ಪನವರು ದಾಕ್ಷಾಯಿಣಿಯನ್ನು ವಿಚಾರಣೆ ಮುಗಿಯುವ ತನಕ ಕೆಲಸದಿಂದ ದೂರ ಇಟ್ಟರು. ದೊಡ್ಡ ಪೈಪಿನ ಹೊದಿಕೆ ಹರಿದವರು ಯಾರೆಂದು ಪತ್ತೆಮಾಡಲು ಎರಡು ಹಗಲು ಕಾವಲು ಹಾಕಿಸಿದರು. ಬಂದದ್ದು ಬೀದಿನಾಯಿಗಳು. ಬೆಚ್ಚಗೆ ಮಲಗಲು ಹೊದಿಕೆ ಕೆದರಿ, ಪೈಪಿಗೆ ಬೆನ್ನು ಹಚ್ಚಿ ಸಾಲಾಗಿ ಮಲಗಿದವು. ಇದನ್ನು ನೂರ್‌ಜಾನ್ ಫೋನಿನಲ್ಲಿ ಹೇಳುವಾಗ ನಕ್ಕಳು. ದಾಕ್ಷಾಯಿಣಿಗೆ ನಗು ಬರಲಿಲ್ಲ. ಊರಿನ ಪತ್ರಿಕೆಯವರು ಹನುಮಕ್ಕನ ಕಾಲಿನ ಫೋಟೊ ಹಾಕಿದ ಮೇಲೆ ವಿಚಾರಣೆ ಬೇಗ ಮುಗಿಯಿತು. ಅವಳು ಕೆಲಸಕ್ಕೆ ಮರಳಿದಳು. ಖಾಲಿ ಎಂದು ಊಹಿಸಿ ಯಾವ ಮನೆಯ ವಾಲ್ವನ್ನೂ ಮುಚ್ಚುವಂತಿಲ್ಲ, ಮುಚ್ಚುವ ಮುಂಚೆ ಆ ಮನೆಗೆ ಫೋನ್ ಮಾಡಿ ಕೇಳಬೇಕು ಎಂಬ ನಿಯಮವನ್ನು ಅವಳೇ ಬರೆದಳು. ಅಷ್ಟು ಶಾಖ ಎಲ್ಲಿಂದ ಬರುತ್ತದೆ ಎಂದು ಷಡಕ್ಷರಪ್ಪನವರು ಕೇಳಿದಾಗ, ಕುಲುಮೆ ಸರಿಯಾಗುವ ತನಕ ಬಜಾರ್ ಬೀದಿ ಸ್ವೆಟರ್ ಹಾಕಿಕೊಳ್ಳಲಿ ಎಂದಳು. ಬಜಾರ್ ಬೀದಿಯವರು ಆಮೇಲೆ ಅವಳಿಗೆ ನಮಸ್ಕಾರ ಹೇಳುವುದನ್ನು ಬಿಟ್ಟರು.

ಮನೆಯಲ್ಲಿ ಅವಳೂ ಎರ್ರಿಸ್ವಾಮಿಯೂ ಮೊದಲಿನಂತೆ ಮಾತಾಡಲು ಕೆಲವು ವಾರ ಹಿಡಿಯಿತು. ಅವನು ತಪ್ಪು ಯಾರದೆಂದು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಜನರನ್ನು ಮನೆಗೆ ಕರೆದದ್ದೇ ಅವರ ವಾಲ್ವ್ ಮುಚ್ಚಿಸಿತು ಎಂದು ಅವಳು ಒಂದು ಸಂಜೆ ಕೊನೆಗೂ ಹೇಳಿದಾಗ ಅವನು, "ಹಂಗಾದ್ರ ಹೊರಗ ನಿಲ್ಲಿಸಬೇಕಿತ್ತೇನು?" ಎಂದ. ಅದಕ್ಕೆ ಅವಳು ಪರದೆಯಲ್ಲಿ ತನ್ನ ಮನೆಯ ಚೌಕ ತನಗೆ ಕಾಣದಂತೆ ಮಾಡಿಸಿಕೊಂಡಿರುವುದನ್ನು ಮಾತ್ರ ಹೇಳಿದಳು. "ಕಂಡ್ರೂ ಅಡ್ಡಿಯಿಲ್ಲ," ಎಂದ ಅವನು. ಆದರೆ ಅವನು ಅಂದದ್ದು ಮನಸ್ಸಿನಿಂದಲೋ ಅಲ್ಲವೋ ಎಂದು ಅವಳು ಅವನ ಮುಖವನ್ನು ಒಂದು ಕ್ಷಣ ಹೆಚ್ಚಿಗೆಯೇ ನೋಡಿದಳು. ಅವನಿಗೂ ಅದು ತಿಳಿಯಿತು.

ಹನುಮಕ್ಕ ಆಸ್ಪತ್ರೆಯಿಂದ ಬಂದ ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ನೂರ್‌ಜಾನ್ ಪರದೆಗೆ ಬೆರಳಿಟ್ಟಳು. "ಅಕ್ಕ, ಇಲ್ಲಿ ನೋಡ್ರಿ. ಹನುಮಕ್ಕನ ವಾಲು ಪೂರಾ ತೆರದೈತಿ. ಮನಿ ಮಾತ್ರ ಬಿಸಿ ಆಗವಲ್ದು. ಬಾಗಿಲ ತೆರದು ಕುಂತಾಳ. ಇಷ್ಟೂ ಬಿಸಿ ಬೀದಿ ಪಾಲು. ಇಳಸ್ಲೇನು?"

"ಕೇಳು ಮೊದಲು."

ನೂರ್‌ಜಾನ್ ಫೋನ್ ಹಚ್ಚಿ ದಾಕ್ಷಾಯಿಣಿಯ ಕೈಗೆ ಕೊಟ್ಟಳು. ಬಹಳ ಹೊತ್ತು ಗಂಟೆ ಬಾರಿಸಿದ ಮೇಲೆ ಮುದುಕಿಯ ದನಿ ಬಂತು.

"ಯಾರು?"

"ನಾನು ಅವ್ವ, ಟೇಲರಣ್ಣನ ಹೆಂಡ್ತಿ. ಬಾಗಿಲ ತೆರದೈತೇನು?"

"ತೆರದೈತಿ. ದವಾಖಾನ್ಯಾಗ ಕೊಟ್ಟ ಗಾಡಿ ಕುರ್ಚಿ ಬಾಗಿಲಾಗ ಹಾಕ್ಕೊಂಡು ಕುಂತೀನಿ. ಹೋಗಿ ಬರೋರು ಕೈ ಕಾಸ್ಕೊಂಡು ಹೋಗ್ತಾರ." ದನಿ ಅಲ್ಲಿಗೆ ನಿಂತಿತು. ಮತ್ತೆ ಬಂದಾಗ ಅದರೊಳಗಿನ ಸಲಿಗೆ ಹೋಗಿತ್ತು. "ನಿನಗ ಹೆಂಗ ಗೊತ್ತಾತು? ಅಲ್ಲಿಂದ ನೋಡಾಕತ್ತೀಯೇನು?"

"ಹೌದವ್ವ. ನೋಡ್ತೀನಿ."

"ಮತ್ತ ಮುಚ್ತೀಯೇನು?"

ದಾಕ್ಷಾಯಿಣಿ ಪರದೆಯ ಮೇಲಿನ ಆ ಚೌಕವನ್ನು ನೋಡಿದಳು. ವಾಲ್ವ್ ಪೂರ್ತಿ ತೆರೆದಿತ್ತು. ಹದದ ಲೆಕ್ಕದಲ್ಲಿ ಅದು ಶುದ್ಧ ದಂಡ.

"ಇಲ್ಲ. ಮುಚ್ಚೋದಿದ್ರ ನಿನ್ನ ಕೇಳಿ ಮುಚ್ತೀನಿ. ನೀ ಬ್ಯಾಡ ಅಂದ್ರ ಇಲ್ಲ."

ಆ ಕಡೆ ಬೀದಿಯಲ್ಲಿ ಯಾರೋ ನಕ್ಕದ್ದು, ಸೈಕಲ್ ಬೆಲ್ಲು, ನಾಯಿ ಬೊಗಳಿದ್ದು ಕೇಳಿಸಿತು. ಮುದುಕಿ ಯೋಚಿಸುತ್ತಿದ್ದಳು.

"ನೋಡೋಣು," ಎಂದು ಹೇಳಿ ಫೋನ್ ಇಟ್ಟಳು.